ಲೋಚ್ ಕೂತ ಜಾಗ ನೋಡಿ: ಕೊಡಗಿನ ಮನೆ ಅಕ್ವೇರಿಯಂಗೆ ಒಂದು ದೋಷ ನಿವಾರಣೆ ಕೈಪಿಡಿ

ತೊರೆಯ ಕಲ್ಲಿಗೆ ಅಂಟಿಕೊಂಡು ಪಾಚಿ ಮೇಯುವ ಲೋಚ್ ಮೀನಿಗೆ ಏನೋ ಆಗಿದೆ ಅನ್ನಿಸಿದಾಗ ಔಷಧದ ಬಾಟಲಿಗೆ ಕೈ ಹಾಕಬೇಡಿ. ಮೊದಲು ಅದು ಎಲ್ಲಿ ಕೂತಿದೆ ನೋಡಿ. ನೀರು ರಭಸವಾಗಿ ಹಾಯುವ ಕಡೆ ಕಲ್ಲಿನ ಮೇಲೆ ಮೂತಿ ಊರಿ ಮೇಯುತ್ತಿದ್ದರೆ ಅರ್ಧ ಚಿಂತೆ ಬಿಡಬಹುದು. ಗಾಜಿನ ಮೇಲ್ತುದಿಗೆ ಬಂದು ನೀರಿನ ಮಟ್ಟಕ್ಕೆ ತಾಗಿ ಕೂತಿದ್ದರೆ ಉಸಿರಿನ ತೊಂದರೆ. ಮರಳಿನ ಮೇಲೆ ಸಡಿಲವಾಗಿ ಬಿದ್ದು, ನೀರು ತಳ್ಳಿದ ಕಡೆ ಹೊರಳುತ್ತಿದ್ದರೆ ನೀರಿಗೆ ಏನೋ ಬೆರೆತಿದೆ. ಹಗಲೂ ರಾತ್ರಿ ಒಂದೇ ಬೋಳು ಗಾಜನ್ನು ಸವರುತ್ತಾ ಇದ್ದರೆ ಹೊಟ್ಟೆಗಿಲ್ಲ. ಈ ಮೀನಿನ ಕಾಯಿಲೆ ಎಂದು ಜನ ಹೇಳುವುದರಲ್ಲಿ ಬಹುಪಾಲು ನೀರಿನ ದೋಷವೇ ಆಗಿರುತ್ತದೆ. ನೀರಿನ ದೋಷಕ್ಕೆ ಔಷಧ ಸುರಿದರೆ ಮೀನಿನ ಮೇಲೆ ಎರಡನೇ ಹೊರೆ ಹೊರಿಸಿದ ಹಾಗೆ.

ಅಂಗಡಿಯಲ್ಲಿ ‘ಹಿಲ್‌ಸ್ಟ್ರೀಮ್ ಲೋಚ್’ ಎಂದು ಸಿಗುವುದು ಹೆಚ್ಚಾಗಿ ವಿಯೆಟ್ನಾಂ ಕಡೆಯ ಸೆವೆಲ್ಲಿಯಾ ಲೀನಿಯೊಲಾಟಾ. ಕೆಲವೊಮ್ಮೆ ಚೀನಾದ ಬ್ಯೂಫೋರ್ಟಿಯಾ, ಸ್ಯೂಡೊಗ್ಯಾಸ್ಟ್ರೊಮೈಝಾನ್, ಅಪರೂಪಕ್ಕೆ ಬೋರ್ನಿಯೊದ ಗ್ಯಾಸ್ಟ್ರೊಮೈಝಾನ್ ಬರುತ್ತವೆ. ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲೂ ಇವುಗಳ ಬಳಗದವು ಇವೆ. ಭವಾನಿಯಾ ಆಸ್ಟ್ರಾಲಿಸ್ ಮೀನನ್ನು 1849ರಲ್ಲಿ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ವಿವರಿಸಿದರು. ಬಾಲಿಟೋರಾ ಮೈಸೂರೆನ್ಸಿಸ್‌ಗೆ 1941ರಲ್ಲಿ ಹೆಸರಿಟ್ಟವರು ಸುಂದರಲಾಲ್ ಹೋರಾ. ರಭಸದ ನೀರಿನಲ್ಲಿ ಬಾಳುವ ಜೀವಿಗಳ ಮೈಕಟ್ಟಿನ ಬಗ್ಗೆ ಕೆಲಸ ಮಾಡಿದ ದೊಡ್ಡ ವಿಜ್ಞಾನಿ ಅವರು. ತೋಡಿನಲ್ಲಿ ಕಂಡ ಮೀನನ್ನು ಹಿಡಿದು ತಂದು ಟ್ಯಾಂಕಿಗೆ ಬಿಡುವ ಆಸೆ ನಮ್ಮ ಕಡೆ ಯಾರಿಗಾದರೂ ಬರುತ್ತದೆ, ಅದು ಬೇಡ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳ ಮತ್ತು ನಾಗರಹೊಳೆಯ ಒಳಗೆ ಹಿಡಿಯುವುದು ಅಪರಾಧ. ಹೊರಗಿನ ತೋಡಿನಲ್ಲೂ ಅವುಗಳ ನೆಲೆ ಚಿಕ್ಕದು, ಹಿಡಿದಷ್ಟೂ ಬರಿದಾಗುತ್ತದೆ. ಅಂಗಡಿಯಿಂದ ತಂದ ಮೀನು ಸಾಕಾಯಿತೆಂದು ತೋಡಿಗೆ ಬಿಡುವುದಂತೂ ಅದಕ್ಕಿಂತ ಕೆಟ್ಟದ್ದು.

ಈ ಮೀನಿನ ಹೊಟ್ಟೆ ಚಪ್ಪಟೆ. ಅಗಲವಾದ ಮುಂದಿನ ರೆಕ್ಕೆಗಳು ಎರಡೂ ಬದಿಗೆ ಹರಡಿರುತ್ತವೆ. ಸೆವೆಲ್ಲಿಯಾದಂಥವುಗಳಲ್ಲಿ ಹೊಟ್ಟೆಯ ರೆಕ್ಕೆಗಳು ಕೂಡಿಕೊಂಡು ಒಂದು ಬಟ್ಟಲಿನ ಹಾಗೆ ಕಲ್ಲನ್ನು ಕಚ್ಚಿ ಹಿಡಿಯುತ್ತವೆ. ಆ ಹಿಡಿತ ಎಷ್ಟು ಗಟ್ಟಿ ಎಂಬುದೇ ಆರೋಗ್ಯದ ಮೊದಲ ಅಳತೆ. ಗಾಜಿಗೆ ಅಂಟಿದಾಗ ಹೊರಗಿನಿಂದ ಅದರ ಕೆಳಮೈ ಪೂರ್ತಿ ಕಾಣುತ್ತದೆ. ಹೊಟ್ಟೆ, ಬಾಯಿ, ಕಿವಿರಿನ ಅಂಚು ಎಲ್ಲವನ್ನೂ ಮುಟ್ಟದೆ ಪರೀಕ್ಷಿಸಬಹುದು. ಹೆಚ್ಚಿನ ಮೀನುಗಳು ಇಷ್ಟು ಅನುಕೂಲ ಮಾಡಿಕೊಡುವುದಿಲ್ಲ, ದಿನಕ್ಕೊಮ್ಮೆ ಟಾರ್ಚ್ ಹಿಡಿದು ನೋಡಿ.

ಮೇಲೆ ಬಂದು ಕೂತಿದೆ

ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇದೇ. “ಅಣ್ಣಾ, ಫಿಲ್ಟರ್ ನೀರು ಬೀಳುವ ಜಾಗದಲ್ಲಿ ನಾಲ್ಕೂ ಮೀನು ಗುಂಪಾಗಿವೆ, ಒಂದರ ಬೆನ್ನು ನೀರಿನಿಂದ ಹೊರಗೇ ಇದೆ.” ಕಿವಿರು ಬೇಗಬೇಗ ಆಡುತ್ತಿದೆಯಾ ಎಂದು ಕೇಳಿದರೆ ಹೌದು ಅನ್ನುತ್ತಾರೆ. ಇದು ಆಮ್ಲಜನಕದ ಕೊರತೆ.

ಖಚಿತ ಮಾಡಿಕೊಳ್ಳಲು ನೀರು ಪರೀಕ್ಷೆಯ ಕಿಟ್ ಬೇಕಿಲ್ಲ. ಟ್ಯಾಂಕಿಗೆ ಒಂದು ಏರ್ ಸ್ಟೋನ್ ಇಳಿಸಿ ಜೋರಾಗಿ ಗುಳ್ಳೆ ಬಿಡಿ, ಕಾಲು ಗಂಟೆ ಬಿಟ್ಟು ಬಂದು ನೋಡಿ. ಕಿವಿರಿನ ಆಟ ನಿಧಾನವಾಗಿ, ಮೀನು ಕೆಳಗಿನ ಕಲ್ಲಿಗೆ ಇಳಿದಿದ್ದರೆ ದೋಷ ಸಿಕ್ಕಿತು. ಗುಳ್ಳೆ ಬಿಟ್ಟರೂ ಅಲ್ಲೇ ಕೂತು ಏದುಸಿರು ಬಿಡುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಇದೆ, ಕಿವಿರು ಅದನ್ನು ಹೀರಲಾರದ ಸ್ಥಿತಿಯಲ್ಲಿದೆ. ಆಗ ಮೀನಿನ ಕೊಳೆಯಿಂದ ಬರುವ ಅಮೋನಿಯಾ, ನೈಟ್ರೈಟ್, ಇಲ್ಲವೇ ಕ್ಲೋರಿನ್, ಕಬ್ಬಿಣ ಇವುಗಳ ಕಡೆ ಹೋಗಬೇಕು. ಅದು ಮುಂದಿನ ಭಾಗಗಳಲ್ಲಿದೆ.

ಕೊಡಗಿನವರು ಸಾಮಾನ್ಯವಾಗಿ “ನಮ್ಮಲ್ಲಿ ತಂಪು, ಈ ಮೀನಿಗೆ ಹೇಳಿ ಮಾಡಿಸಿದ ಊರು” ಅನ್ನುತ್ತಾರೆ. ತಂಪಿನ ವಿಷಯ ಸರಿ. 20ರಿಂದ 24 ಡಿಗ್ರಿ ಈ ಮೀನಿಗೆ ಹಿತ, ನಮ್ಮ ಮನೆಗಳಲ್ಲಿ ವರ್ಷದ ಬಹುಪಾಲು ಅಷ್ಟೇ ಇರುತ್ತದೆ, ಹೀಟರ್ ಬೇಕಾಗುವುದೇ ಇಲ್ಲ. ಆದರೆ ಎತ್ತರದ ಲೆಕ್ಕ ಬಿಟ್ಟುಹೋಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, 28 ಡಿಗ್ರಿಯಲ್ಲಿ 7.8. ಮಡಿಕೇರಿ ಇರುವುದು 1,100 ಮೀಟರಿಗೂ ಮೇಲೆ, ಗಾಳಿಯ ಒತ್ತಡ ಶೇಕಡಾ 12–13ರಷ್ಟು ಕಡಿಮೆ, ನೀರಿಗೆ ಸೇರುವ ಆಮ್ಲಜನಕವೂ ಅಷ್ಟೇ ಕಡಿಮೆ. ಅಂದರೆ ಮಡಿಕೇರಿಯ 20 ಡಿಗ್ರಿ ನೀರಿನಲ್ಲಿ ಇರುವುದು ಮಂಗಳೂರಿನ 28 ಡಿಗ್ರಿ ನೀರಿನಲ್ಲಿ ಇರುವಷ್ಟೇ. ಮೀನಿಗೆ ತಂಪಿನಲ್ಲಿ ಬೇಕಾಗುವುದೂ ಕಡಿಮೆ, ಅದರಿಂದ ನಡೆದುಹೋಗುತ್ತದೆ. ಆದರೆ ಏಪ್ರಿಲ್‌ನಲ್ಲಿ ಟ್ಯಾಂಕು 26ಕ್ಕೆ ಏರಿದ ದಿನ ಕೈಯಲ್ಲಿ ಮೀಸಲು ಏನೂ ಉಳಿದಿರುವುದಿಲ್ಲ. ಕುಶಾಲನಗರ, ಸಿದ್ದಾಪುರದ ಕಡೆ ಬಿಸಿಲು ಇನ್ನೂ ಜೋರು. ಅಲ್ಲಿನವರು ಮಾರ್ಚ್‌ನಿಂದಲೇ ಥರ್ಮಾಮೀಟರ್ ಮೇಲೆ ಕಣ್ಣಿಡಬೇಕು.

ಬಿಸಿ ಇಳಿಸಲು ನೀರಿನ ಮೇಲ್ಮೈಗೆ ಬೀಸುವ ಹಾಗೆ ಒಂದು ಚಿಕ್ಕ ಫ್ಯಾನ್ ಇಡಿ, ಮುಚ್ಚಳ ತೆಗೆದು ಸೊಳ್ಳೆಪರದೆಯ ಬಲೆ ಹಾಕಿ. ಒಣಹವೆಯ ದಿನಗಳಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದ ನೀರನ್ನು ತುಂಬುತ್ತಿರಬೇಕು. ಟ್ಯಾಂಕು ಪಡುವಣ ಗೋಡೆಗೆ ತಾಗಿದ್ದರೆ, ಶೀಟಿನ ಮಾಡಿನ ಕೆಳಗಿದ್ದರೆ ಮೊದಲು ಅದನ್ನು ಸರಿಸಿ. ಇನ್ನೊಂದು, ಹರಿವು ಹೆಚ್ಚಲಿ ಎಂದು ಮುಳುಗಿಸಿದ ಎರಡು ಮೂರು ಪವರ್‌ಹೆಡ್ ಪಂಪುಗಳೂ ನೀರನ್ನು ಕಾಯಿಸುತ್ತವೆ. ಅಷ್ಟು ವ್ಯಾಟ್ ಕರೆಂಟ್ ಕೊನೆಗೆ ಬಿಸಿಯಾಗಿ ಹೋಗುವುದು ಅದೇ ನೀರಿಗೆ. ಬೇಸಿಗೆಯಲ್ಲಿ ಒಂದನ್ನು ನಿಲ್ಲಿಸಿ ಏರ್ ಪಂಪ್ ಹಾಕಿದರೆ ಲಾಭವೇ.

ಹರಿವು ಬೇರೆ, ಆಮ್ಲಜನಕ ಬೇರೆ. ಇದನ್ನು ಒಂದೇ ಎಂದುಕೊಂಡು ಮೀನು ಕಳೆದುಕೊಳ್ಳುವವರು ಬಹಳ. ಗಂಟೆಗೆ ಟ್ಯಾಂಕಿನ ಅಳತೆಯ 10ರಿಂದ 20 ಪಟ್ಟು ನೀರು ತಿರುಗಬೇಕು ಎಂಬ ಮಾತಿದೆ, 100 ಲೀಟರ್ ಟ್ಯಾಂಕಿಗೆ 1,000ದಿಂದ 2,000 ಲೀಟರ್. ಆದರೆ ಪಂಪಿನ ಬಾಯಿ ತಳದಲ್ಲಿದ್ದು ಮೇಲ್ಮೈ ಕನ್ನಡಿಯ ಹಾಗೆ ನಿಂತಿದ್ದರೆ ಹಳೆಯ ನೀರೇ ಸುತ್ತುತ್ತದೆ. ಬಾಯಿಯನ್ನು ಮೇಲಕ್ಕೆ ತಿರುಗಿಸಿ, ಮೇಲ್ಮೈ ಪೂರ್ತಿ ಕದಡಬೇಕು. ಎಣ್ಣೆಯ ಪೊರೆ ಕಟ್ಟಿದ್ದರೆ, ಅದು ಅಡಿಗೆಮನೆ ಪಕ್ಕದ ಟ್ಯಾಂಕುಗಳಲ್ಲಿ ಮಾಮೂಲು, ಒಂದು ಹಾಳೆ ಕಾಗದ ಹರಡಿ ಎತ್ತಿ ತೆಗೆಯಿರಿ. ಗಿಡ ಹೆಚ್ಚಿರುವ ಟ್ಯಾಂಕನ್ನು ಬೆಳಕು ಹರಿಯುವ ಮುಂಚೆ ಎದ್ದು ನೋಡಬೇಕು. ರಾತ್ರಿಯೆಲ್ಲ ಗಿಡಗಳೂ ಉಸಿರಾಡಿ ಆಮ್ಲಜನಕ ಖಾಲಿ ಮಾಡಿರುತ್ತವೆ. ಬೆಳಗಿನ ಜಾವ ಮೇಲೆ ಕೂತು, ಹತ್ತು ಗಂಟೆಗೆ ಕೆಳಗಿಳಿಯುವ ಮೀನಿನ ದೋಷ ಇದೇ.

ಮಳೆಗಾಲದಲ್ಲಿ ಕರೆಂಟಿನದು ದೊಡ್ಡ ಪಾಡು. ಲೈನ್ ಮೇಲೆ ಮರ ಬಿದ್ದರೆ ತೋಟದ ಮನೆಗಳಿಗೆ ಎರಡು ಮೂರು ದಿನ ಕತ್ತಲೆ ಹೊಸದಲ್ಲ. ಯುಎಸ್‌ಬಿಯಲ್ಲಿ ಓಡುವ ಸಣ್ಣ ಏರ್ ಪಂಪ್ ಪವರ್ ಬ್ಯಾಂಕಿನಲ್ಲಿ ಬಹಳ ಹೊತ್ತು ನಡೆಯುತ್ತದೆ, ಜೂನ್‌ಗೆ ಮೊದಲು ಅದೊಂದು ಮನೆಯಲ್ಲಿರಲಿ. ಆ ದಿನಗಳಲ್ಲಿ ಆಹಾರ ನಿಲ್ಲಿಸಿ. ಒರತೆಯ ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುವ ಮನೆಯವರ ಅದೃಷ್ಟವೇ ಬೇರೆ. ಸಣ್ಣ ಕೊಳವೆಯಲ್ಲಿ ಧಾರೆ ಬಿಟ್ಟು, ಹೆಚ್ಚಾದ ನೀರು ಹೊರಹೋಗುವ ದಾರಿ ಮಾಡಿದರೆ ಸಾಕು.

ಕರೆಂಟ್ ಬಂದ ಮೇಲಿನ ಅಪಾಯ ಇನ್ನೂ ದೊಡ್ಡದು. ಡಬ್ಬದಂಥ ಕ್ಯಾನಿಸ್ಟರ್ ಫಿಲ್ಟರ್ ಇದ್ದರೆ ಅದರೊಳಗೆ ನಿಂತ ನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿದು, ಒಳಗಿನ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಕರೆಂಟ್ ಬಂದೊಡನೆ ಆ ಕೊಳೆತ ನೀರು ಒಮ್ಮೆಗೇ ಟ್ಯಾಂಕಿಗೆ ನುಗ್ಗುತ್ತದೆ. ಎರಡು ದಿನ ಕತ್ತಲೆಯಲ್ಲಿ ಬದುಕಿದ ಮೀನು ಬೆಳಕು ಬಂದ ಸಂಜೆ ಸಾಯುವುದು ಹೀಗೆ. ಕರೆಂಟ್ ಹೋದ ಕೂಡಲೇ ಕ್ಯಾನಿಸ್ಟರ್‌ನ ಪ್ಲಗ್ ಕಿತ್ತಿಡಿ. ಮತ್ತೆ ಹಾಕುವ ಮೊದಲು ಬಿಚ್ಚಿ ವಾಸನೆ ನೋಡಿ, ಆ ನೀರು ಚೆಲ್ಲಿ, ಸ್ಪಂಜು ಮತ್ತು ರಿಂಗುಗಳನ್ನು ಟ್ಯಾಂಕಿನ ನೀರಿನಲ್ಲೇ ಅದ್ದಿ ತೊಳೆದು ಆಮೇಲೆ ಓಡಿಸಿ. ಈ ಕಾರಣಕ್ಕೇ ನಮ್ಮ ಕಡೆಗೆ ಏರ್ ಪಂಪಿನಿಂದ ನಡೆಯುವ ದೊಡ್ಡ ಸ್ಪಂಜ್ ಫಿಲ್ಟರ್ ವಾಸಿ ಎಂಬುದು ನನ್ನ ಅಭಿಪ್ರಾಯ.

ಹಿಡಿತ ಬಿಟ್ಟಿದೆ, ಹೊರಳುತ್ತಿದೆ

ಕಲ್ಲಿಗೆ ಅಂಟಲಾರದೆ ಹರಿವಿನಲ್ಲಿ ಕೊಚ್ಚಿಹೋಗುವ ಲೋಚ್ ಕಂಡರೆ ತುರ್ತು. ಕಾರಣ ಹುಡುಕುವ ಮೊದಲೇ, ಖಾತ್ರಿಯಾದ ನೀರು ಕೈಯಲ್ಲಿದ್ದರೆ ಒಂದು ಬಕೆಟ್ಟಿಗೆ ತುಂಬಿ, ಏರ್ ಸ್ಟೋನ್ ಹಾಕಿ, ಶಾಖ ಸರಿಹೊಂದಿಸಿ ಮೀನನ್ನು ಅದಕ್ಕೆ ವರ್ಗಾಯಿಸಿ. ಹಿಡಿಯುವಾಗ ಬಲೆಯಿಂದ ಕೀಳಬೇಡಿ, ಗಾಜಿಗೂ ಮೀನಿಗೂ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ ನಿಧಾನವಾಗಿ ತೂರಿಸಿದರೆ ತಾನಾಗಿ ಬಿಡುತ್ತದೆ. ಆಮೇಲೆ ಕೂತು ಯೋಚಿಸಿ: ಎರಡು ದಿನದಲ್ಲಿ ಮನೆಯಲ್ಲಿ, ತೋಟದಲ್ಲಿ, ನೀರಿನಲ್ಲಿ ಏನು ಬದಲಾಯಿತು?

ಪಂಚಾಯಿತಿ ಅಥವಾ ಪಟ್ಟಣದ ನಲ್ಲಿ ನೀರಾದರೆ ಮೊದಲ ಸಂಶಯ ಬ್ಲೀಚಿಂಗ್ ಪೌಡರ್. ಮೊದಲ ಮಳೆಗೆ ನೀರು ಕೆಂಪಾದಾಗ ಹೆಚ್ಚು ಹಾಕುತ್ತಾರೆ. ನಿನ್ನೆ ಸುಮ್ಮನಿದ್ದ ನೀರು ಇವತ್ತು ಸುಡುತ್ತದೆ. ಒಂದು ದಿನ ಗುಳ್ಳೆ ಬಿಟ್ಟು ಇಟ್ಟರೆ ಕ್ಲೋರಿನ್ ಹೋಗುತ್ತದೆ. ಅವಸರಕ್ಕೆ ಸೋಡಿಯಂ ಥಯೋಸಲ್ಫೇಟ್ ಹರಳು ಅಥವಾ ಅಂಗಡಿಯ ಆಂಟಿ ಕ್ಲೋರಿನ್ ಬಳಸಿ.

ಬೋರ್ ನೀರಿನವರಿಗೆ ಬೇರೆ ಪರೀಕ್ಷೆ. ಬಿಳಿ ಬಕೆಟ್ಟಿನಲ್ಲಿ ನೀರು ಹಿಡಿದು ಒಂದು ರಾತ್ರಿ ತೆರೆದಿಡಿ. ಹಿಡಿದಾಗ ತಿಳಿಯಾಗಿದ್ದು ಬೆಳಗ್ಗೆ ಅಂಚಿನಲ್ಲಿ ಕಂದು ಗೆರೆ, ತಳದಲ್ಲಿ ತುಕ್ಕಿನ ಪುಡಿ ಕೂತಿದ್ದರೆ ಕಬ್ಬಿಣ ಇದೆ. ಅದೇ ಪುಡಿ ಮೀನಿನ ಕಿವಿರಿನ ಮೇಲೂ ಕೂರುತ್ತದೆ. ಬೋರಿನಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಹಿಡಿದ ತಕ್ಷಣ ಪಿಎಚ್ (ನೀರಿನ ಹುಳಿ–ಕ್ಷಾರದ ಅಳತೆ) ನೋಡಿ, ರಾತ್ರಿ ಗುಳ್ಳೆ ಬಿಟ್ಟು ಬೆಳಗ್ಗೆ ಮತ್ತೆ ನೋಡಿ, ಏರಿರುತ್ತದೆ. ಬೆಳಗಿನ ಅಂಕವೇ ನಿಜ. ಬೋರ್ ನೀರನ್ನು ಡ್ರಮ್ಮಿನಲ್ಲಿ ಒಂದು ದಿನ ಗಾಳಿಯಾಡಿಸಿ, ತಳದ ಗಸಿ ಬಿಟ್ಟು ಮೇಲಿನದನ್ನು ಮಾತ್ರ ಬಳಸುವುದು ಅಭ್ಯಾಸವಾಗಲಿ.

ಇನ್ನು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಕೊಡಗಿನಲ್ಲಿ ಈ ಮೀನು ಸಾಕುವವರು ಬೇರೆಲ್ಲಾ ಮರೆತರೂ ಇದನ್ನು ಮರೆಯಬಾರದು. ಮಳೆಗೆ ಮುಂಚೆ ಮೇ–ಜೂನ್‌ನಲ್ಲಿ, ಮಳೆ ಹಿಂದೆ ಸರಿದ ಮೇಲೆ ಇನ್ನೊಮ್ಮೆ ಕಾಫಿಗೆ ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತೇವೆ, ಮೆಣಸಿನ ಬಳ್ಳಿಗೂ ಅಡಿಕೆಗೂ ಶೇಕಡಾ 1ರ ದ್ರಾವಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಲೆಕ್ಕ ಹಾಕಿ, ಆ ದ್ರಾವಣದ ಒಂದು ಲೀಟರಿನಲ್ಲಿ ತಾಮ್ರ ಸುಮಾರು 2.5 ಗ್ರಾಂ. ಒಂದು ಚಮಚದಷ್ಟು, ಅಂದರೆ 5 ಮಿಲಿ, 100 ಲೀಟರ್ ಟ್ಯಾಂಕಿಗೆ ಬಿದ್ದರೂ ಲೀಟರಿಗೆ 0.12 ಮಿಲಿಗ್ರಾಂ ಆಗುತ್ತದೆ. ಗಡಸು ನೀರಿನಲ್ಲಿ ತಾಮ್ರದ ಕಾಟ ಸ್ವಲ್ಪ ಕಡಿಮೆ. ನಮ್ಮದು ಮೆದು ನೀರು, ಕ್ಯಾಲ್ಸಿಯಂ ಕಡಿಮೆ, ಅದೇ ಪ್ರಮಾಣ ಇಲ್ಲಿ ಹೆಚ್ಚು ಕೊಲ್ಲುತ್ತದೆ. ಸುಣ್ಣ ಸೇರಿದ್ದರಿಂದ ತಾಮ್ರ ಗಟ್ಟಿಯಾಗಿ ಕೂತಿದೆ ಎಂದು ಸಮಾಧಾನ ಪಡಬೇಡಿ, ಹುಳಿ ತಿರುಗಿದ ನೀರಿನಲ್ಲಿ ಅದು ಮತ್ತೆ ಕರಗುತ್ತದೆ.

ಸುಂಟಿಕೊಪ್ಪದ ಕಡೆ ಒಂದು ಮನೆಯಲ್ಲಿ ನೀರು ಬದಲಿಸಿದ ಮಾರನೆ ದಿನವೇ ಮೀನು ಸೊರಗುತ್ತಿತ್ತು, ಬಾವಿಯ ನೀರು ಪರೀಕ್ಷಿಸಿದರೆ ಏನೂ ಇಲ್ಲ. ಕೊನೆಗೆ ನೋಡಿದ್ದು ಬಕೆಟ್ಟನ್ನು. ಹೊರಗಿನಿಂದ ತೊಳೆದು ಶುಭ್ರವಾಗಿತ್ತು, ಹಿಡಿಕೆ ಸಿಕ್ಕಿಸುವ ಕಿವಿಯ ಸಂದಿಯಲ್ಲಿ ಮಾತ್ರ ಉಗುರಿನಿಂದ ಕೆರೆದರೆ ನೀಲಿ–ಬಿಳಿ ಹಕ್ಕಳೆ ಎದ್ದು ಬಂತು. ಸ್ಪ್ರೇ ದಿನ ಆಳುಗಳು ಅದೇ ಬಕೆಟ್ಟಿನಲ್ಲಿ ದ್ರಾವಣ ಕಲಸಿದ್ದರು. ಟ್ಯಾಂಕಿಗೆ ಬೇರೆ ಬಣ್ಣದ ಬಕೆಟ್ಟು ಇಟ್ಟು, ಮನೆಯೊಳಗೆ ತೂಗುಹಾಕಿ. ಸ್ಪ್ರೇ ನಡೆಯುವಾಗ ಓವರ್‌ಹೆಡ್ ಟ್ಯಾಂಕಿನ ಮುಚ್ಚಳ ಭದ್ರ ಮಾಡಿ. ಸ್ಪ್ರೇ ಆದ ಮೇಲಿನ ಮೊದಲ ಮಳೆಗಳಲ್ಲಿ ಮಾಡಿನ ನೀರು ಹಿಡಿಯಬೇಡಿ.

ತಾಮ್ರವೇ ಹೌದಾ ಎಂದು ತಿಳಿಯಲು ಬಸವನಹುಳು ನೋಡಿ. ಟ್ಯಾಂಕಿನ ಗಾಜಿನ ಮೇಲಿನ ಸಣ್ಣ ಹುಳುಗಳು ಒಟ್ಟಿಗೇ ಚಿಪ್ಪಿನೊಳಗೆ ಸೇರಿ ತಳಕ್ಕೆ ಉದುರಿದ್ದರೆ, ಸೀಗಡಿ ಮೊದಲು ಸತ್ತಿದ್ದರೆ ತಾಮ್ರದ ಸಂಶಯ ಬಲವಾಗುತ್ತದೆ. ಅಮೋನಿಯಾ, ನೈಟ್ರೈಟ್ ಸೊನ್ನೆ ಇದ್ದರೆ ಇನ್ನೂ ಬಲವಾಗುತ್ತದೆ. ಅರ್ಧ ನೀರು ಬದಲಿಸಿ, ಫಿಲ್ಟರಿಗೆ ಹೊಸ ಆ್ಯಕ್ಟಿವೇಟೆಡ್ ಕಾರ್ಬನ್ (ವಿಷ ಹೀರುವ ಇದ್ದಿಲು) ಹಾಕಿ, ಲೋಹ ಹಿಡಿದಿಡುವ ವಾಟರ್ ಕಂಡೀಷನರ್ ಸಿಕ್ಕರೆ ಅದನ್ನೂ ಹಾಕಿ. ಮರುದಿನ ಇನ್ನೊಮ್ಮೆ ನೀರು ಬದಲಿಸಿ.

ಬಸವನಹುಳು ಆರಾಮಾಗಿದ್ದು ಮೀನು ಮಾತ್ರ ನಡುಗುತ್ತಾ ತಿರುಗುತ್ತಿದ್ದರೆ ಕೋಣೆಯ ಕಡೆ ನೋಡಿ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರವ, ಜಿರಲೆ ಸ್ಪ್ರೇ ಇವುಗಳಲ್ಲಿ ಇರುವ ಪೈರಿಥ್ರಾಯ್ಡ್ ಮೀನಿಗೆ ಕಡು ವಿಷ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಇವನ್ನು ಹಚ್ಚುವ ಮನೆಗಳಲ್ಲಿ ಪಂಪನ್ನು ಬೇರೆ ಕೋಣೆಯಲ್ಲಿಟ್ಟು ಉದ್ದ ಕೊಳವೆ ಎಳೆಯಬೇಕು. ಜಿಗಣೆಗೆಂದು ಹೊಗೆಸೊಪ್ಪಿನ ಪುಡಿ, ಸುಣ್ಣ ಹಚ್ಚಿಕೊಂಡ ಕೈಯನ್ನು ಹಾಗೆಯೇ ಟ್ಯಾಂಕಿಗೆ ಅದ್ದುವುದೂ ತಪ್ಪು, ನಿಕೋಟಿನ್ ನೀರಿನಲ್ಲಿ ಕರಗುತ್ತದೆ.

ನೀರು ಬದಲಿಸಿದ ಮೇಲೇ ಸಾಯುವುದು

ಇದರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬಕೆಟ್ಟು ಶುದ್ಧ, ಕ್ಲೋರಿನ್ ಇಲ್ಲ, ಆದರೂ ವರ್ಷ ತುಂಬಿದ ಟ್ಯಾಂಕಿನಲ್ಲಿ ದೊಡ್ಡದಾಗಿ ನೀರು ಬದಲಿಸಿದ ದಿನ ಮೀನು ಸಾಯುತ್ತದೆ. ಕೊಡಗಿನ ಒರತೆ, ಬಾವಿ ನೀರಿನಲ್ಲಿ ಕಾರ್ಬೊನೇಟ್ ಬಹಳ ಕಡಿಮೆ ಇರುವ ಕಡೆ ಇದು ಹೆಚ್ಚು. ಮೀನಿನ ಕೊಳೆಯ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಆ ಕೆಲಸದಲ್ಲಿ ಕಾರ್ಬೊನೇಟನ್ನು ಕರಗಿಸುತ್ತಾ ಹೋಗುತ್ತವೆ. ಅದು ಮುಗಿದ ದಿನ ಪಿಎಚ್ 6ಕ್ಕಿಂತ ಕೆಳಗೆ ಜಾರುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ, ಅಮೋನಿಯಾ ಸೇರುತ್ತಾ ಹೋಗುತ್ತದೆ. ಹುಳಿ ನೀರಿನಲ್ಲಿ ಅದು ಅಮೋನಿಯಂ ರೂಪದಲ್ಲಿದ್ದು ಹೆಚ್ಚು ಕಾಡುವುದಿಲ್ಲ. ನೀವು 7.5ರ ಹೊಸ ನೀರನ್ನು ಅರ್ಧ ಟ್ಯಾಂಕು ಸುರಿದಾಗ ಪಿಎಚ್ ಏರಿ ಅದು ವಿಷದ ರೂಪಕ್ಕೆ ತಿರುಗುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟು.

ಪತ್ತೆ ಸುಲಭ. ಟ್ಯಾಂಕಿನ ಪಿಎಚ್, ಗಾಳಿಯಾಡಿಸಿದ ಹೊಸ ನೀರಿನ ಪಿಎಚ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದಕ್ಕಿಂತ ಹೆಚ್ಚು ಅಂತರವಿದ್ದು, ಟ್ಯಾಂಕಿನಲ್ಲಿ ಅಮೋನಿಯಾ ತೋರಿಸುತ್ತಿದ್ದರೆ ದೊಡ್ಡ ಬದಲಾವಣೆ ಮಾಡಲೇಬೇಡಿ. ದಿನಕ್ಕೆ ಹತ್ತನೇ ಒಂದು ಭಾಗ ಮಾತ್ರ, ನಿಧಾನವಾಗಿ. ಅಂತರ ಮುಗಿದ ಮೇಲೆ ಫಿಲ್ಟರಿನ ಹತ್ತಿರ ಒಂದು ಸಣ್ಣ ಬಟ್ಟೆ ಚೀಲದಲ್ಲಿ ಚೆನ್ನಾಗಿ ತೊಳೆದ ಚಿಪ್ಪಿನ ನುಚ್ಚು ಕಟ್ಟಿಡಿ, ಕೋಳಿ ಆಹಾರದ ಅಂಗಡಿಯಲ್ಲಿ ಸಿಗುತ್ತದೆ. ಅಡಿಗೆ ಸೋಡಾವೂ ಆಗುತ್ತದೆ, ಆದರೆ ಕೈ ಬಿಗಿ ಇರಲಿ: 50 ಲೀಟರಿಗೆ ಒಂದು ಟೀ ಚಮಚ, ಅಂದರೆ ಸುಮಾರು 6 ಗ್ರಾಂ, ಹಾಕಿದರೆ ಕಾರ್ಬೊನೇಟಿನ ಅಳತೆಯಾದ ಕೆಎಚ್ 4 ಅಂಕ ಏರುತ್ತದೆ. ಅಷ್ಟನ್ನು ಒಂದೇ ದಿನ ಹಾಕುವುದು ಅತಿ. ಕಾಲು ಚಮಚದಂತೆ ಕೆಲವು ದಿನ ಹಂಚಿ. ಅಮೋನಿಯಾ ಇನ್ನೂ ಇರುವಾಗ ಸೋಡಾ ಮುಟ್ಟಬೇಡಿ.

ಹೊಟ್ಟೆ ಒಳಗೆ ಹೋಗಿದೆ

ಟಾರ್ಚ್ ಹಿಡಿದು ಗಾಜಿಗೆ ಅಂಟಿದ ಮೀನಿನ ಹೊಟ್ಟೆ ನೋಡಿ. ತುಂಬಿದ ಹೊಟ್ಟೆ ಸ್ವಲ್ಪ ಉಬ್ಬಿ, ಒಳಗಿನ ಹಸಿರು–ಕಂದು ಛಾಯೆ ಕಾಣುತ್ತದೆ. ಹಸಿದ ಮೀನಿನ ಹೊಟ್ಟೆ ಒಳಕ್ಕೆ ತಗ್ಗು ಬಿದ್ದಿರುತ್ತದೆ, ಮೇಲಿನಿಂದ ನೋಡಿದರೆ ತಲೆ ಅಗಲ, ಸೊಂಟ ಸಣಕಲು. ತಲೆಯ ಹಿಂದೆ ಬೆನ್ನು ಕತ್ತಿಯಂತೆ ಎದ್ದಿದ್ದರೆ ಬಹಳ ದಿನದ ಹಸಿವು.

ಪಾಚಿ ತಿನ್ನುವ ಮೀನು ಎಂದು ಹೇಳಿ ಮಾರುತ್ತಾರೆ, ಜನ ಹೊಸ ಟ್ಯಾಂಕಿಗೆ ಬಿಟ್ಟು ಗಾಜು ತೊಳೆಯುವ ಕೆಲಸ ಅದಕ್ಕೆ ಬಿಡುತ್ತಾರೆ. ಅದು ಮೇಯುವುದು ಕಲ್ಲಿನ ಮೇಲೆ ಕಟ್ಟುವ ತೆಳ್ಳನೆಯ ಪೊರೆಯನ್ನು. ಮೆತ್ತನೆ ಹಸಿರು ಪಾಚಿ, ಡಯಾಟಮ್ ಎಂಬ ಕಂದು ಸೂಕ್ಷ್ಮ ಪಾಚಿ, ಅವುಗಳೊಳಗಿನ ಸೂಕ್ಷ್ಮಜೀವಿಗಳು ಎಲ್ಲಾ ಸೇರಿದ ಪೊರೆ ಅದು. ಕೂದಲಿನಂತೆ ಜೋಲುವ ಪಾಚಿ, ಕಪ್ಪು ಬ್ರಷ್ ಪಾಚಿ, ನೀಲಿ–ಹಸಿರು ಲೋಳೆ ಇವುಗಳನ್ನು ಮುಟ್ಟುವುದಿಲ್ಲ. ಟ್ಯಾಂಕಿನ ತುಂಬ ಪಾಚಿ ಇದ್ದೂ ಮೀನು ಉಪವಾಸ ಬೀಳುವುದು ಈ ಕಾರಣಕ್ಕೆ.

ಪರಿಹಾರ ಕಲ್ಲಿನ ಸರದಿ. ಅಂಗೈಯಗಲದ ನುಣುಪು ಕಲ್ಲುಗಳನ್ನು ಚೆನ್ನಾಗಿ ಉಜ್ಜಿ, ಬಿಸಿಲು ಬೀಳುವ ಅಂಗಳದಲ್ಲಿ ಒಂದು ಟಬ್ಬಿನಲ್ಲಿ ಟ್ಯಾಂಕಿನಿಂದ ತೆಗೆದ ಹಳೆಯ ನೀರು ಹಾಕಿ ಮುಳುಗಿಸಿಡಿ. ಕೆಲವು ವಾರದಲ್ಲಿ ಬೆರಳಿಗೆ ಜಾರುವ ಪೊರೆ ಕಟ್ಟುತ್ತದೆ. ಎರಡು ಮೂರು ಕಲ್ಲು ಒಳಗೆ, ಮೇಯ್ದು ಬೋಳಾದವು ಹೊರಗೆ. ಟಬ್ಬಿಗೆ ಬಲೆ ಮುಚ್ಚಬೇಕು, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ, ಏರೋಪ್ಲೇನ್ ಚಿಟ್ಟೆ ಮೊಟ್ಟೆಯಿಟ್ಟು ಅದರ ಮರಿಗಳು ಕಲ್ಲಿನ ಜೊತೆ ಒಳಗೆ ಬಂದು ಸಣ್ಣ ಮೀನು ಹಿಡಿಯುತ್ತವೆ. ಸ್ಪ್ರೇ ನಡೆಯುವಾಗ ಟಬ್ಬನ್ನು ಮನೆಯೊಳಕ್ಕೆ ತನ್ನಿ.

ಕಕ್ಕಡ ತಿಂಗಳಿನ ಮಳೆಯಲ್ಲಿ ವಾರಗಟ್ಟಲೆ ಬಿಸಿಲಿಲ್ಲ, ಟಬ್ಬಿನ ಕಲ್ಲು ಬೋಳಾಗೇ ಉಳಿಯುತ್ತವೆ. ಕೊಡಗಿನ ಟ್ಯಾಂಕುಗಳಲ್ಲಿ ಲೋಚ್ ಸಣಕಲಾಗುವುದು ಹೆಚ್ಚಾಗಿ ಜುಲೈ–ಆಗಸ್ಟ್‌ನಲ್ಲೇ. ಏಪ್ರಿಲ್, ಮೇ ಬಿಸಿಲಿನಲ್ಲೇ ಕಲ್ಲುಗಳ ಸಂಖ್ಯೆ ಹೆಚ್ಚಿಸಿಕೊಳ್ಳಿ. ಮಳೆಯಲ್ಲಿ ಟ್ಯಾಂಕಿನ ದೀಪವನ್ನು ದಿನಕ್ಕೆ ಎಂಟು ಗಂಟೆ ಉರಿಸಿ. ಜೊತೆಗೆ ಸ್ಪಿರುಲಿನಾ ಪುಡಿಯನ್ನು ಚೈನಾ ಗ್ರಾಸ್ ಕರಗಿಸಿದ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಒಣ ಕಲ್ಲಿನ ಒರಟು ಮುಖಕ್ಕೆ ತೆಳುವಾಗಿ ಬಳಿದು, ಆರಿದ ಮೇಲೆ ಹರಿವಿರುವ ಕಡೆ ಇಡಿ. ತಳದಲ್ಲಿ ಬಿದ್ದ ಬಿಲ್ಲೆಯನ್ನು ಬೇರೆ ಮೀನು ಕದಿಯುತ್ತವೆ, ಕಲ್ಲಿಗೆ ಬಳಿದದ್ದು ಲೋಚ್ ಪಾಲಿಗೇ ಉಳಿಯುತ್ತದೆ. ಬೇಯಿಸಿ ಮೆತ್ತಗಾದ ಸೀಮೆಬದನೆ, ಸೌತೆಕಾಯಿ ಹೋಳೂ ಆಗುತ್ತದೆ. ಮರುದಿನ ಬೆಳಗ್ಗೆ ಉಳಿದದ್ದು ತೆಗೆಯಬೇಕು. ತಿಂದರೂ ಹೊಟ್ಟೆ ತುಂಬದ, ಬಿಳಿ ದಾರದಂಥ ಹಿಕ್ಕೆ ಹಾಕುವ ಮೀನಿನ ಕರುಳಿನಲ್ಲಿ ಹುಳು ಇರಬಹುದು. ತೊರೆಯಿಂದ ಹಿಡಿದು ಮಾರುವ ಮೀನಿನಲ್ಲಿ ಇದು ಅಪರೂಪವಲ್ಲ. ಅದನ್ನು ಬೇರೆ ತೊಟ್ಟಿಯಲ್ಲಿಟ್ಟು ಮೀನಿನ ಜಂತು ಔಷಧ ಕೊಡಿ.

ಕಾಣೆಯಾಗಿದೆ

ಒದ್ದೆ ಗಾಜಿನ ಮೇಲೆ ನೀರಿನ ಮಟ್ಟ ದಾಟಿ ಹತ್ತುವ ಶಕ್ತಿ ಇದಕ್ಕಿದೆ. ಮುಚ್ಚಳದ ಒಳಮೈ, ಫಿಲ್ಟರಿನ ನೀರು ಬೀಳುವ ತಟ್ಟೆ, ಟ್ಯಾಂಕಿನ ಹಿಂದಿನ ನೆಲ, ಈ ಮೂರು ಕಡೆ ನೋಡಿ. ನೆಲದ ಮೇಲೆ ಒಣಗಿದಂತೆ ಕಂಡರೂ ಕಿವಿರು ತೇವವಾಗಿದ್ದರೆ ಹರಿವಿಗೆ ಹಾಕಿ ನೋಡಿ. ಪಂಪಿನ ಹೀರುಬಾಯಿಗೆ ಸ್ಪಂಜು ತೊಡಿಸಿ, ಕೊಳವೆ ಹೋಗುವ ಸಂದಿಗಳನ್ನು ಬಲೆಯಿಂದ ಮುಚ್ಚಿ.

ದೋಷವಲ್ಲದ್ದು

ಎರಡು ಮೀನು ಒಂದರ ಮೇಲೊಂದು ಹತ್ತಿ, ರೆಕ್ಕೆ ಬೀಸಿ ತಳ್ಳಾಡುವುದು ಜಾಗದ ಜಗಳ. ಗಾಯವಾಗುವುದಿಲ್ಲ, ಕಲ್ಲು ಹೆಚ್ಚಿಸಿದರೆ ಸಾಕು. ದೀಪ ಹಾಕಿದ ಕೂಡಲೇ ಮೈ ಬಿಳಿಚಿ ಕಾಣುವುದು, ತಿಳಿ ಮರಳಿನ ಮೇಲೆ ಬಣ್ಣ ತಿಳಿಯಾಗುವುದು ಸಹಜ. ಹಗಲಿನಲ್ಲಿ ಕಪ್ಪು ಕಲ್ಲಿನ ಮೇಲೆ ಕೂತೂ ಬಿಳಿಚಿಕೊಂಡೇ ಇದ್ದರೆ ಮಾತ್ರ ನೀರು ಪರೀಕ್ಷಿಸಿ.

ಬಿಳಿ ಚುಕ್ಕೆ

ರವೆ ಕಾಳಿನಂಥ ಚುಕ್ಕೆ ರೆಕ್ಕೆಯ ಮೇಲೆ ಕಂಡರೆ ಅದು ಇಕ್, ಮೀನಿನ ಚರ್ಮದೊಳಗೆ ಸೇರುವ ಒಂದು ಸೂಕ್ಷ್ಮ ಪರೋಪಜೀವಿ. ಹೊಸದಾಗಿ ತಂದ ಮೀನಿನ ಜೊತೆ ಬರುತ್ತದೆ, ಬೆಂಗಳೂರಿನಿಂದ ಬಸ್ಸಿನಲ್ಲಿ ಚೀಲದೊಳಗೆ ಬಂದು ಸೊರಗಿದ ಮೀನಿಗೆ ಬೇಗ ಅಂಟುತ್ತದೆ. ಬೇರೆ ಮೀನಿಗೆ ಹೇಳುವ ಹಾಗೆ ನೀರನ್ನು 30 ಡಿಗ್ರಿಗೆ ಕಾಯಿಸುವ ಉಪಾಯ ಇಲ್ಲಿ ಬೇಡ, ಇಕ್ ಸಾಯುವ ಮೊದಲು ಲೋಚ್ ಉಸಿರುಗಟ್ಟುತ್ತದೆ. ತಾಮ್ರ ಇರುವ ಔಷಧ ಬೇಡವೇ ಬೇಡ, ಲೇಬಲ್ ಓದಿ. ಮ್ಯಾಲಕೈಟ್ ಗ್ರೀನ್ ಇರುವುದನ್ನು ಲೇಬಲ್ಲಿನ ಅರ್ಧ ಪ್ರಮಾಣದಿಂದ ಶುರು ಮಾಡಿ, ಗುಳ್ಳೆ ಹೆಚ್ಚಿಸಿ, ಕಾರ್ಬನ್ ತೆಗೆದಿಟ್ಟು, ಮೊದಲ ಒಂದೆರಡು ಗಂಟೆ ಎದುರಿಗೇ ಇದ್ದು ನೋಡಿ. ಹಿಡಿತ ಸಡಿಲವಾದರೆ ಕೂಡಲೇ ಅರ್ಧ ನೀರು ಬದಲಿಸಿ.

ಔಷಧ ತಾಗುವುದು ಇಕ್ ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ, ಚರ್ಮದೊಳಗೆ ಇರುವಾಗ ಅಲ್ಲ. ತಂಪು ನೀರಿನಲ್ಲಿ ಆ ಸುತ್ತು ನಿಧಾನ: 25 ಡಿಗ್ರಿಯಲ್ಲಿ ಸುಮಾರು ವಾರದಲ್ಲಿ ಮುಗಿಯುವುದು 18–20ರಲ್ಲಿ ಬಹಳ ದಿನ ಎಳೆಯುತ್ತದೆ. ಮೈ ಮೇಲಿನ ಚುಕ್ಕೆ ಉದುರಿತೆಂದು ಔಷಧ ನಿಲ್ಲಿಸಿದರೆ ಮತ್ತೆ ಬರುತ್ತದೆ. ಕೊನೆಯ ಚುಕ್ಕೆ ಹೋದ ಮೇಲೂ ಎರಡು ವಾರ ಮುಂದುವರಿಸಿ, ಪ್ರತಿ ಸಲ ಔಷಧ ಹಾಕುವ ಮೊದಲು ಕಾಲು ಭಾಗ ನೀರು ಬದಲಿಸಿ. ಔಷಧ ಪೊರೆಯನ್ನೂ ಸಾಯಿಸುತ್ತದೆ, ಆದ್ದರಿಂದ ಆ ದಿನಗಳಲ್ಲಿ ಅಂಗಳದ ಟಬ್ಬಿನಿಂದ ದಿನವೂ ಒಂದು ಹೊಸ ಕಲ್ಲು ಒಳಗಿಡಿ, ತೆಗೆದ ಕಲ್ಲನ್ನು ಟಬ್ಬಿಗೆ ಮರಳಿಸದೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ.